ಭೂಗೋಳಕ್ಕೆ ಹತ್ತನೆಯ ಹೆಸರು

ನಾವು ಹತ್ತನೇ ತರಗತಿ ಮುಗಿಸಿದ ಆ ಕಾಲದಲ್ಲಿ ಸಿರುಗುಪ್ಪದ ಮಂದಿ ಸೈನ್ಸ್ ತೆಗೆದುಕೊಂಡವರನ್ನು ಜಾಣರೆನ್ನುತ್ತಿದ್ದರು, ಕಾಮರ್ಸ್ ತೆಗೆದುಕೊಂಡವರನ್ನು ಚುರುಕು ಎನ್ನುತ್ತಿದ್ದರು. ಆರ್ಟ್ಸ್ ಎಂದವರಿಗೆ ‘ಹೌದಾ’ ಎಂದು ಸುಮ್ಮನಾಗುತ್ತಿದ್ದರು. ಆ ‘ಹೌದಾ’ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಯಾಕೆಂದರೆ ನನಗೆ ಆರ್ಟ್ಸೇ ಬೇಕಾಗಿತ್ತು, ಅದರಲ್ಲೂ ಭೂಗೋಳವೇ ಬೇಕಾಗಿತ್ತು.

ಆ ಹುಚ್ಚು ಹತ್ತಿದ್ದು ಒಂದು ಆಟದಿಂದ. ಹೈಸ್ಕೂಲಿನ ಮೂರು ವರ್ಷವೂ ನಾನು ಮತ್ತು ಗೆಳತಿ ಹುಲಿಗೆಮ್ಮ ಹರಕು ಅಟ್ಲಾಸ್ ಹಾಸಿಕೊಂಡು ಕೂಡುತ್ತಿದ್ದೆವು. ಒಬ್ಬಳು ಊರಿನ ಹೆಸರು ಹೇಳಬೇಕು, ಇನ್ನೊಬ್ಬಳು ಇಪ್ಪತ್ತು ಎಣಿಸುವುದರೊಳಗೆ ಅದರ ಮೇಲೆ ಬೆರಳಿಡಬೇಕು. ಸೋತವಳು ಬಿಸಿಬಿಸಿ ಮಿರ್ಚಿ ಕೊಡಿಸಬೇಕು. ಮಿರ್ಚಿ ಕಟ್ಟಿದ ಕಾಗದದ ಎಣ್ಣೆ ಬೆರಳಿಗೆ ಹತ್ತಿ, ಬೆರಳಿನಿಂದ ನಕ್ಷೆಗೆ ಹತ್ತಿ, ಅರ್ಧ ಆಫ್ರಿಕಾ ಜಿಡ್ಡಾಗಿತ್ತು. ಗೆಲ್ಲುತ್ತಿದ್ದವಳು ಯಾವಾಗಲೂ ಹುಲಿಗೆಮ್ಮನೇ.

ಅವಳು ರಾರಾವಿಯಿಂದ ಬಸ್ಸಿನಲ್ಲಿ ಬರುತ್ತಿದ್ದಳು. ತಂದೆ ಇರಲಿಲ್ಲ, ತಾಯಿ ಭತ್ತದ ಗದ್ದೆಗಳಿಗೆ ಕೂಲಿಗೆ ಹೋಗುತ್ತಿದ್ದಳು. ನಾಟಿ ಶುರುವಾದರೆ ಹುಲಿಗೆಮ್ಮನೂ ಗದ್ದೆಗೆ ಇಳಿಯಲೇಬೇಕು, ಹದಿನೈದು ದಿನ ಶಾಲೆ ಇಲ್ಲ. ತಿರುಗಿ ಬಂದಾಗ ಅವಳ ಬೆರಳ ಸಂದಿಗಳು ನೀರಲ್ಲಿ ನೆನೆದು ಬೆಳ್ಳಗಾಗಿರುತ್ತಿದ್ದವು, ಮೈಯಿಂದ ಹಸಿ ಕೆಸರಿನ ವಾಸನೆ ಬರುತ್ತಿತ್ತು. ಏನೇ ಆದರೂ ಟೀಚರಾಗಬೇಕೆಂಬ ಹಟ ಅವಳದು.

ಊರಿನ ಕಾಲೇಜಿನಲ್ಲಿ ಪಿಯುಸಿ ಆರ್ಟ್ಸಿಗೆ ಸೇರುವಾಗ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಎಲ್ಲರಿಗೂ ಇದ್ದವು. ನಾಲ್ಕನೆಯದಾಗಿ ಸಮಾಜಶಾಸ್ತ್ರವೋ ಭೂಗೋಳವೋ, ಒಂದನ್ನು ಆರಿಸಬೇಕಿತ್ತು. ಭೂಗೋಳಕ್ಕೆ ಪ್ರಾಕ್ಟಿಕಲ್ ಇತ್ತು, ನಕ್ಷೆ ತೆಗೆದು ರೆಕಾರ್ಡ್ ಬರೆಯಬೇಕಿತ್ತು, ಹಾಗಾಗಿ ಎಲ್ಲರೂ ಸಮಾಜಶಾಸ್ತ್ರದ ಸಾಲಿನಲ್ಲೇ ನಿಂತರು. ಶನಿವಾರದೊಳಗೆ ಹತ್ತು ಹೆಸರು ಬರದಿದ್ದರೆ ಈ ವರ್ಷ ಭೂಗೋಳವೇ ಇಲ್ಲ ಎಂದು ಆ ವಿಷಯದ ಮೇಷ್ಟ್ರು ಸಪ್ಪೆ ಮುಖ ಮಾಡಿಕೊಂಡು ಹೇಳಿದರು.

ನಾನು ಬಿಡುತ್ತೇನೆಯೇ? ಮೊದಲೇ ಬಾಯಿಬಡುಕಿ. ಸಿಕ್ಕಸಿಕ್ಕವರ ಬೆನ್ನುಹತ್ತಿ, ತಲೆ ತಿಂದು, ನನ್ನದೂ ಸೇರಿಸಿ ಒಂಬತ್ತು ಹೆಸರು ಮಾಡಿದೆ. ಶನಿವಾರ ಮಧ್ಯಾಹ್ನವಾದರೂ ಹತ್ತನೆಯದು ಸಿಗಲಿಲ್ಲ. ಹುಲಿಗೆಮ್ಮ ಅಷ್ಟರಲ್ಲಿ ಸಮಾಜಶಾಸ್ತ್ರ ಎಂದು ಬರೆದ ಅರ್ಜಿ ಹಿಡಿದು ಆಫೀಸಿನ ಮುಂದೆ ನಿಂತಿದ್ದಳು. ಕೈಹಿಡಿದು ಬೇವಿನ ಮರದ ಕೆಳಗೆ ಎಳೆದುಕೊಂಡು ಹೋದೆ.

“ಸಮಾಜಶಾಸ್ತ್ರ ಆದ್ರ ಮನ್ಯಾಗ ಕುಂತು ಓದಿಕೋಬೌದು,” ಎಂದಳು. “ಇದಕ್ಕ ಪ್ರಾಕ್ಟಿಕಲ್ ಐತಿ. ನಾಟಿ ಟೈಮಿನ್ಯಾಗ ನನಗ ಬರಾಕ ಆಗಂಗಿಲ್ಲ.”

“ನಿನ್ನ ರೆಕಾರ್ಡ್ ನಾ ಬರದು ಕೊಡ್ತೀನಿ. ನಕ್ಷಿನೂ ತೆಗದು ಕೊಡ್ತೀನಿ. ನಾ ಅದೀನಲ್ಲ?”

ಅವಳು ನನ್ನ ಪೆನ್ನು ಇಸಿದುಕೊಂಡಳು. “ನೀ ಇರ್ತಿ ಅಂದ್ರ ಆತು,” ಎಂದು ಸಮಾಜಶಾಸ್ತ್ರ ಹೊಡೆದುಹಾಕಿ ಭೂಗೋಳ ಎಂದು ಬರೆದಳು. ಮೇಷ್ಟ್ರಿಗೆ ಎಷ್ಟು ಖುಷಿಯಾಯಿತೆಂದರೆ ಅಲ್ಲಿದ್ದವರಿಗೆಲ್ಲ ಒಗ್ಗರಣೆ ಮಂಡಕ್ಕಿ ತರಿಸಿದರು. ಪಟ್ಟಿ ಅವತ್ತೇ ಆಫೀಸಿಗೆ ಹೋಯಿತು.

ಎರಡು ವಾರ ಕಳೆದಿರಲಿಲ್ಲ, ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿದ್ದ ನಮ್ಮ ಸೋದರತ್ತೆ ಬಂದರು. ಅಲ್ಲಿ ಕಾಮರ್ಸಿಗೆ ಸೀಟು ಖಾಲಿ ಇದೆ, ಹುಡುಗಿ ನಮ್ಮ ಮನೆಯಲ್ಲೇ ಇದ್ದು ಓದಲಿ ಎಂದರು. ಕ್ಲರ್ಕಾಗಿದ್ದ ಅಪ್ಪ ತಕ್ಷಣ ಒಪ್ಪಿದರು. ನಾನು ಅತ್ತು ಕರೆದೆ, ಊಟ ಬಿಟ್ಟೆ, ಜಗಳ ಮಾಡಿದೆ ಎಂದು ಬರೆಯಲು ಕೈ ತುಡಿಯುತ್ತಿದೆ. ಎಲ್ಲ ಸುಳ್ಳು. ಬಳ್ಳಾರಿ ಎಂದದ್ದೇ ತಡ, ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಭೂಗೋಳ ಮರೆತೇಹೋಯಿತು.

ಹುಲಿಗೆಮ್ಮನಿಗೆ ಹೊರಡುವ ದಿನ ಹೇಳಿದೆ. ಅವಳು ಬೈಯಲಿಲ್ಲ, ರೆಕಾರ್ಡಿನ ಗತಿ ಏನು ಎಂದಷ್ಟೇ ಕೇಳಿದಳು. ಭಾನುವಾರ ಭಾನುವಾರ ಬಂದು ಬರೆದುಕೊಡುತ್ತೇನೆ ಎಂದೆ. ಒಂದು ಭಾನುವಾರ ಬಂದು ಎರಡು ನಕ್ಷೆ ತೆಗೆದುಕೊಟ್ಟೆ. ಆಮೇಲೆ ಟೆಸ್ಟು, ಹೊಸ ಗೆಳತಿಯರು, ಹೊಸ ಸೈಕಲ್ಲು, ಒಂದಲ್ಲ ಒಂದು ನೆಪ. ಮತ್ತೆ ಹೋಗಲಿಲ್ಲ.

ದೀಪಾವಳಿಗೆ ಊರಿಗೆ ಬಂದಾಗ ಜೊತೆಯ ಹುಡುಗಿಯೊಬ್ಬಳಿಂದ ಉಳಿದದ್ದು ತಿಳಿಯಿತು. ನಾನು ಹೋದ ಮೇಲೆ ಹುಲಿಗೆಮ್ಮ ಸಮಾಜಶಾಸ್ತ್ರಕ್ಕೆ ಬದಲಿಸಿಕೊಡಿ ಎಂದು ಆಫೀಸಿಗೆ ಮೂರು ಸಲ ಅಲೆದಿದ್ದಳು. ಪಟ್ಟಿ ಮೇಲಕ್ಕೆ ಹೋಗಿದೆ, ಈಗ ಆಗುವುದಿಲ್ಲ ಎಂದು ಕಳಿಸಿದ್ದರು. ನಾಟಿ ಬಂತು, ಅವಳು ಗದ್ದೆಗೆ ಹೋದಳು. ತಿರುಗಿ ಬಂದಾಗ ಉಳಿದವರೆಲ್ಲ ಬಹಳ ಮುಂದೆ ಹೋಗಿದ್ದರು, ಇವಳ ರೆಕಾರ್ಡಿನಲ್ಲಿ ನಾನು ತೆಗೆದ ಎರಡೇ ನಕ್ಷೆಗಳಿದ್ದವು. ದಸರಾ ರಜೆ ಮುಗಿದ ಮೇಲೆ ಅವಳು ಕಾಲೇಜಿಗೆ ಬರಲೇ ಇಲ್ಲ. ಕೇಳಿ ನನಗೆ ನಾಚಿಕೆಯಾಯಿತು. ಆ ನಾಚಿಕೆಗೇ ರಾರಾವಿಯ ಬಸ್ಸು ಹತ್ತಲಿಲ್ಲ. ಮುಂದಿನ ವರ್ಷ ಅವಳ ಮದುವೆಯಾಯಿತು.

ಕಳೆದ ಬೇಸಿಗೆಯಲ್ಲಿ ಸಿರುಗುಪ್ಪ ಬಸ್‌ಸ್ಟ್ಯಾಂಡಿನಲ್ಲಿ ಅವಳೇ ನನ್ನ ಗುರುತು ಹಿಡಿದಳು. ಗಂಡನ ಊರು ಕುರುಗೋಡಿನ ಕಡೆ, ಈಗಲೂ ನಾಟಿಗೆ ಹೋಗುತ್ತಾಳಂತೆ. ಪಕ್ಕದಲ್ಲಿ ಎತ್ತರದ ಮಗಳು, ಆಗತಾನೆ ಹತ್ತನೇ ತರಗತಿ ಪಾಸಾದವಳು. ಇಷ್ಟು ವರ್ಷ ಹೇಳದೆ ಉಳಿದದ್ದನ್ನು ಆಡಿಯೇಬಿಟ್ಟೆ, ನನ್ನಿಂದ ನಿನ್ನ ಓದು ಹಾಳಾಯಿತು ಎಂದೆ.

“ಬಿಡು, ಸಣ್ಣೋರಿದ್ವಿ,” ಎಂದು ನನ್ನ ಕೈ ಹಿಡಿದುಕೊಂಡಳು.

ಏನಾದರೂ ಮಾತಾಡಬೇಕಲ್ಲ, ಯಾವ ವಿಷಯ ತಗೋತಿ ಎಂದು ಹುಡುಗಿಯನ್ನು ಕೇಳಿದೆ. ಅವಳು ಬಾಯಿ ತೆರೆಯುವ ಮೊದಲೇ ಹುಲಿಗೆಮ್ಮ ಹೇಳಿದಳು.

“ಆಕಿಗೆ ಬೇಕಾದ್ದು ತಗೊಳ್ಳಲಿ. ಒಂದ ಮಾತು ಹೇಳೀನಿ. ಗೆಳತೇರು ಅದಾರಂತ ತಗೋಬ್ಯಾಡ ಅಂದೀನಿ.”

ಅದರಲ್ಲಿ ಕೊಂಕು ಇರಲಿಲ್ಲ. ರಸ್ತೆ ದಾಟುವಾಗ ನೋಡಿಕೊಂಡು ದಾಟು ಎಂದು ಮಕ್ಕಳಿಗೆ ಹೇಳುವ ಹಾಗೆ ಹೇಳಿದ್ದಳು. ಬಸ್ಸು ಬಂತು, ತಾಯಿ ಮಗಳು ಹತ್ತಿಕೊಂಡರು.

ಇವತ್ತು ನನಗೆ ಬೇಕಾದಷ್ಟು ಗೆಳತಿಯರಿದ್ದಾರೆ, ಕಷ್ಟಕ್ಕೆ ಆಗುವವರೂ ಇದ್ದಾರೆ. ಆದರೆ ನಾನು ಏನಾದರೂ ಹೇಳಿದರೆ ಮನೆಯಲ್ಲಿ ಕೇಳುತ್ತೇವೆ, ಯೋಚನೆ ಮಾಡುತ್ತೇವೆ ಎನ್ನುತ್ತಾರೆ. ತಪ್ಪಲ್ಲ, ನಾನೂ ಹಾಗೆಯೇ ಅನ್ನುತ್ತೇನೆ. ನನ್ನ ಒಂದು ಮಾತಿಗೆ ತನ್ನ ಬದುಕಿನ ದಾರಿಯನ್ನೇ ಹೊಡೆದುಹಾಕಿ ಬೇರೆ ಬರೆದವಳು ಅವಳೊಬ್ಬಳೇ. ನನ್ನನ್ನು ಅಷ್ಟು ನಂಬುವವರು ಆಮೇಲೆ ಯಾರೂ ಸಿಗಲಿಲ್ಲ.