ಕರೆಂಟಿಲ್ಲದ ದಿನದ ಪಾಳಿ

ಬೆಂಗಳೂರಿನ ಹೊರಗೆ, ಮಾಕಳಿಯ ಪಾಪಯ್ಯನವರ ವಠಾರದಲ್ಲಿ ಒಂಬತ್ತು ರೂಮು, ಒಂದು ನಲ್ಲಿ, ಎರಡು ಕಕ್ಕಸು. ಸಿದ್ದಕ್ಕ ಕೊಪ್ಪಳದ ಕಡೆಯಿಂದ ಹತ್ತು ತಿಂಗಳ ಕೂಸು ಸವಿತಾಳನ್ನು ಕಂಕುಳಲ್ಲಿ ಹೊತ್ತು ಅಲ್ಲಿಗೆ ಬಂದಾಗ ನಲ್ಲಿ ಹತ್ತಿರದ ಹೆಂಗಸರು ಅವಳ ಮಾತು ಕೇಳಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದರು. ಅವಳ ಗಂಡ ನಿಂಗಪ್ಪನೋ, ಹೂಡಿ ಕಡೆ ಗಾರೆ ಕೆಲಸಕ್ಕೆ ಹೋದರೆ ಹದಿನೈದು ದಿನಕ್ಕೊಮ್ಮೆ ಮುಖ ತೋರಿಸುವ ಆಸಾಮಿ. ನಗದೇ ಇದ್ದವಳು ಎಂಟನೇ ರೂಮಿನ ಲಕ್ಷ್ಮಮ್ಮ ಒಬ್ಬಳೇ. "ಕೂಸ್ನ ಇತ್ತ ಕೊಡವ್ವ, ನೀನು ಕೆಲ್ಸ ನೋಡ್ಕೋ ಹೋಗು" ಅಂದವಳು, ಕೂಸು ಶಾಲೆ ಸೇರುವತನಕ ಆರು ವರ್ಷ ಅದನ್ನು ಸಾಕಿದಳು.

ಸವಿತಾ ಒಬ್ಬಳೇ ಅಲ್ಲ. ವಠಾರದ ಹೆಂಗಸರೆಲ್ಲ ಪೀಣ್ಯ ಕಡೆಯ ಕಾರ್ಖಾನೆಗಳಿಗೆ ಹೋಗುವವರು. ಅವರ ಮಕ್ಕಳೆಲ್ಲ ಬೆಳಗಾದರೆ ಲಕ್ಷ್ಮಮ್ಮನ ಬಾಗಿಲಲ್ಲಿ. ಅವಳಿಗೆ ಗಂಡನಿಲ್ಲ, ಹೆತ್ತ ಮಕ್ಕಳಿಲ್ಲ. ಹೆರದವಳಿಗೇನು ಗೊತ್ತು ಹೆರಿಗೆ ನೋವು ಅಂತಾರಲ್ಲ, ಆ ಮಾತು ಆಡಿದವರು ಒಂದು ದಿನ ಆ ಬಾಗಿಲಲ್ಲಿ ಬಂದು ನಿಲ್ಲಬೇಕಿತ್ತು. ಹನ್ನೊಂದು ಮಕ್ಕಳ ಸಿಂಬಳ ಒರೆಸಿ, ಗಂಜಿ ಕುಡಿಸಿ, ಒಂದರ ಪಕ್ಕ ಒಂದು ಮಲಗಿಸುತ್ತಿದ್ದಳು.

ತೊಂಬತ್ತೈದರ ದೀಪಾವಳಿ ಕಳೆದ ಮೇಲೆ ಲಕ್ಷ್ಮಮ್ಮ ಸಾರಿಗೆ ಎರಡೆರಡು ಸಲ ಉಪ್ಪು ಹಾಕತೊಡಗಿದಳು. ಆಮೇಲೆ ರೇಷನ್ ಅಂಗಡಿಗೆ ಹೋದವಳು ದಾರಿ ತಪ್ಪಿ ಲಾರಿ ನಿಲ್ಲುವ ಜಾಗದಲ್ಲಿ ಕೂತಿದ್ದಳು. ಒಂದು ದಿನ ಸಿದ್ದಕ್ಕನನ್ನೇ ನೋಡಿ, "ಯಾರವ್ವ ನೀನು, ಯಾರ ಮನೆ ಬೇಕು?" ಎಂದಳು. ಅರವತ್ತಕ್ಕೆ ಅರಳು ಮರಳು ಎಂದು ಎಲ್ಲರೂ ನಕ್ಕರು. ಸಿದ್ದಕ್ಕನಿಗೆ ನಗು ಬರಲಿಲ್ಲ. ರಜೆ ಹಾಕಿ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದಳು. ಮೆದುಳು ಸವೆಯುವ ಕಾಯಿಲೆ, ವಾಸಿಯಾಗುವಂಥದ್ದಲ್ಲ, ಒಬ್ಬರನ್ನೇ ಬಿಡಬೇಡಿ ಅಂದರು ಡಾಕ್ಟರು. ಬಿಡಬೇಡಿ ಅಂದುಬಿಟ್ಟರೆ ಆಯಿತೇ? ಜೊತೆಗಿರುವವರು ಯಾರು ಅನ್ನುವುದನ್ನು ಚೀಟಿಯಲ್ಲಿ ಬರೆದು ಕೊಡಲಿಲ್ಲ.

ಅದಾದ ತಿಂಗಳಿಗೆ ಸೀಮೆಎಣ್ಣೆ ಸ್ಟೌವ್ ಹಚ್ಚಿಟ್ಟು ಮರೆತು, ರೂಮೆಲ್ಲ ಹೊಗೆಯಾಗಿ, ಪಕ್ಕದ ರೂಮಿನ ಬಟ್ಟೆಬರೆಯೂ ಮಸಿಯಾಯಿತು. ಪಾಪಯ್ಯ ಬಂದವರು ಗೋಡೆ ಮುಟ್ಟಿ ಕೈ ನೋಡಿಕೊಂಡರು.

"ನೋಡ್ರಮ್ಮ, ನಾನೂ ಮನುಷ್ಯನೇ. ಆದ್ರೆ ಇನ್ನೊಂದ್ಸಲ ಏನಾದ್ರೂ ಆಯ್ತೋ, ರೂಮ್ ಖಾಲಿ ಮಾಡಿಸ್ಬಿಡ್ತೀನಿ. ಆಮ್ಯಾಕೆ ನನ್ನ ಬೈಬ್ಯಾಡಿ."

ಖಾಲಿ ಮಾಡಿದರೆ ಅವಳು ಹೋಗುವುದಾದರೂ ಎಲ್ಲಿಗೆ? ನೆಲಮಂಗಲದ ಕಡೆ ಅಣ್ಣನ ಮಗನೊಬ್ಬನಿದ್ದ. ಹೇಳಿಕಳಿಸಿದ್ದಕ್ಕೆ ಬಂದ, ಕಾಫಿ ಕುಡಿದ, ಹೋದ. ಆ ಪುಣ್ಯಾತ್ಮ ತಿರುಗಿ ಬರಲಿಲ್ಲ.

ಸಿದ್ದಕ್ಕನ ತಲೆಗೆ ಉಪಾಯ ಹೊಳೆದದ್ದು ನಲ್ಲಿ ಸಾಲಿನಲ್ಲಿ. ಆಗೆಲ್ಲ ಕರೆಂಟು ಸಾಲದೆಂದು ಕಾರ್ಖಾನೆಗಳಿಗೆ ವಾರಕ್ಕೊಂದು ದಿನ ಕರೆಂಟು ತೆಗೆಯುತ್ತಿದ್ದರು, ಒಂದೊಂದು ಲೈನಿಗೆ ಒಂದೊಂದು ದಿನ. ಆ ದಿನವೇ ಆ ಕಾರ್ಖಾನೆಗೆ ವಾರದ ರಜೆ. ಮೋಟಾರಿಗೆ ಕಾಯಿಲ್ ಸುತ್ತುವ ಸಿದ್ದಕ್ಕನಿಗೆ ಗುರುವಾರ, ಬಟ್ಟೆ ಹೊಲಿಯುವ ಭದ್ರಮ್ಮನಿಗೆ ಸೋಮವಾರ, ಲೇತ್ ಕೆಲಸದ ಮುತ್ತಣ್ಣನಿಗೆ ಮಂಗಳವಾರ. ಒಂಬತ್ತು ರೂಮಿನಲ್ಲಿ ದಿನಕ್ಕೊಬ್ಬರಾದರೂ ಮನೆಯಲ್ಲಿದ್ದೇ ಇರುತ್ತಾರೆ.

"ಯಾರ ಲೈನಿನಾಗ ಕರೆಂಟ್ ಇರಂಗಿಲ್ಲೋ ಅವತ್ತು ಲಕ್ಷ್ಮಮ್ಮ ಅವರಾಕಿ. ಇಷ್ಟ ನೋಡ್ರಿ" ಎಂದಳು ಸಿದ್ದಕ್ಕ. "ನಮ್ಮ ಕೂಸುಗಳ್ನ ಆಕಿ ಒಂದು ದಿನಾನೂ ಬಾಗ್ಲು ಮುಚ್ಚಿ ಕೂಡಿಹಾಕ್ಲಿಲ್ಲ. ನಾವು ಆಕೀನ ಬೀದಿಗೆ ಬಿಡಾಣೇನು?"

ಯಾರೂ ಇಲ್ಲವೆನ್ನಲಿಲ್ಲ. ಭದ್ರಮ್ಮ ಮಾತ್ರ, "ವಾರಕ್ಕೊಂದಿನ ಬಟ್ಟೆ ಒಗ್ಯೋದು ಬ್ಯಾಡ್ವಾ ನಾವು?" ಎಂದು ಗೊಣಗಿದಳು. ಗೊಣಗಿದವಳೇ ಮೊದಲ ಸೋಮವಾರ ಅವರೆಕಾಳು ಸಾರು ಮಾಡಿ ತಂದಳು. ಅವಳದು ಬಾಯಿ ಜೋರು, ಕರುಳು ಮೆತ್ತಗೆ.

ಹದಿನಾಲ್ಕು ತಿಂಗಳು ನಡೆಯಿತು ಆ ಪಾಳಿ. ಲಕ್ಷ್ಮಮ್ಮನ ಕೈ ಸುಮ್ಮನಿದ್ದರೆ ಕಾಲು ಹೊರಗೆ ಎಳೆಯುತ್ತದೆ ಎಂದು ಕಂಡುಕೊಂಡವಳು ಭದ್ರಮ್ಮನೇ. ಆರಿಸಿದ ಅಕ್ಕಿಗೇ ಮತ್ತೆ ಕಲ್ಲು ಬೆರೆಸಿ ಮೊರದಲ್ಲಿ ಕೊಡುತ್ತಿದ್ದಳು. ಮುತ್ತಣ್ಣ ಮೀಸೆ ಹೊತ್ತ ಗಂಡಸು, ಅವಳ ಜೊತೆ ಚೌಕಾಬಾರ ಆಡಿ ಸೋಲುತ್ತಿದ್ದ. ಬೇಕೆಂದೇ ಸೋಲುತ್ತೇನೆ ಅನ್ನುತ್ತಿದ್ದ, ನಂಬಿದವರು ಕಡಿಮೆ. ಸಿದ್ದಕ್ಕ ಗುರುವಾರ ತಲೆಗೆ ಎಣ್ಣೆ ಹಚ್ಚಿ ನೀರು ಹಾಕುವಳು. ಹಾಗಂತ ಎಲ್ಲ ಹೂವಿನ ಹಾಸಿಗೆ ಅಂದುಕೊಳ್ಳಬೇಡಿ. ಲಕ್ಷ್ಮಮ್ಮ ಸೀರೆಯಲ್ಲೇ ಉಚ್ಚೆ ಮಾಡಿಕೊಳ್ಳುವಳು, ಕೈ ಹಿಡಿದರೆ ಪರಚುವಳು. ವಾರವೆಲ್ಲ ದುಡಿದು ಸಿಗುವ ಒಂದು ದಿನವನ್ನು ಹೀಗೆ ಕಳೆದವರಿಗೆ ಬೇಸರವಾಗದೆ ಇರುತ್ತದೆಯೇ? ಸಿದ್ದಕ್ಕನಿಗೂ ಆಗುತ್ತಿತ್ತು. ಒಂದು ಗುರುವಾರ ಮುದುಕಿಯ ಬೆನ್ನಿಗೆ ಗುದ್ದಿಬಿಟ್ಟು, ಆಮೇಲೆ ತಾನೇ ಕಕ್ಕಸಿನಲ್ಲಿ ಕೂತು ಅತ್ತಿದ್ದಳು.

ತೊಂಬತ್ತೇಳರ ಬೇಸಿಗೆಯಲ್ಲಿ ಕರೆಂಟಿನವರು ಲೈನುಗಳ ದಿನ ಬದಲಿಸಿದರು. ಸಿದ್ದಕ್ಕನ ಗುರುವಾರ ಮಂಗಳವಾರವಾಯಿತು, ಮುತ್ತಣ್ಣನ ಮಂಗಳವಾರ ಗುರುವಾರವಾಯಿತು. "ಅದಲು ಬದಲು ತಾನೇ ಅಕ್ಕಾ, ಏನ್ ಮಹಾ" ಎಂದ ಮುತ್ತಣ್ಣ. ಆದರೆ ಅದೇ ವಾರ ಅವನ ಸಾಹುಕಾರರು ಜನರೇಟರ್ ತಂದು ಕೂರಿಸಿದರು. ಇನ್ನು ಕರೆಂಟು ಹೋದರೂ ಕೆಲಸ ನಿಲ್ಲುವ ಹಾಗಿಲ್ಲ, ಗುರುವಾರವೂ ಬರಬೇಕು ಎಂದು ಬುಧವಾರ ಸಂಜೆ ಹೇಳಿದರು. ಮುತ್ತಣ್ಣ ಗುರುವಾರ ಬೆಳಗ್ಗೆ ಆರಕ್ಕೇ ಹೊರಟುಹೋದ. ಹದಿನಾಲ್ಕು ತಿಂಗಳ ರೂಢಿ ನೋಡಿ, ಗುರುವಾರ ಅಂದರೆ ಸಿದ್ದಕ್ಕ ಮನೆಯಲ್ಲಿರುತ್ತಾಳೆ ಎಂದೇ ಅವನ ತಲೆಯಲ್ಲಿತ್ತು.

ಸಿದ್ದಕ್ಕ ಏಳೂಕಾಲಕ್ಕೆ ಲಕ್ಷ್ಮಮ್ಮನಿಗೆ ಗಂಜಿ ಕುಡಿಸಿ, ಮೊರ ಕೈಗೆ ಕೊಟ್ಟು, ಮುತ್ತಣ್ಣನ ಬಾಗಿಲ ಕಡೆ ನೋಡಿದಳು. ಮುಚ್ಚಿತ್ತು. ದಣಿದವನು, ರಜೆ ದಿನ ಇನ್ನೊಂದರ್ಧ ತಾಸು ಮಲಗಲಿ ಪಾಪ ಎಂದುಕೊಂಡು ಬಡಿಯದೆ ಹೋದಳು.

ಸಂಜೆ ಅವಳು ಬಂದಾಗ ವಠಾರದ ಮುಂದೆ ಜನವೋ ಜನ. ಎಂಟನೇ ರೂಮಿನ ಹೊಸ್ತಿಲ ಮೇಲೆ ಲಕ್ಷ್ಮಮ್ಮ ಕೂತಿದ್ದಳು. ತುಟಿ ಒಡೆದು ರಕ್ತ ಗದ್ದಕ್ಕಿಳಿದಿತ್ತು, ಕೂದಲು ಕಿತ್ತುಹೋಗಿತ್ತು. ಆದದ್ದು ಇಷ್ಟು: ಮೊರ ಬದಿಗಿಟ್ಟು ಎದ್ದವಳು ಹಿಂದಿನ ಬೀದಿಯಲ್ಲಿ ಕಟ್ಟುತ್ತಿದ್ದ ಮನೆಯ ಹತ್ತಿರ ಹೋಗಿದ್ದಾಳೆ. ಮರಳಿನ ಗುಡ್ಡೆಯ ಮೇಲೆ ಒಂಟಿಯಾಗಿ ಎರಡು ವರ್ಷದ ಕೂಸೊಂದು ಅಳುತ್ತಿತ್ತು. ಎತ್ತಿಕೊಂಡು ಬಂದು, ಮೈತೊಳೆದು, ಮೊರದ ಅಕ್ಕಿಯಲ್ಲೇ ಗಂಜಿ ಕಾಯಿಸಿ ಕುಡಿಸಿ, ಬಾಗಿಲು ಮುಂದಕ್ಕೆ ಮಾಡಿ ಮಲಗಿಸಿದ್ದಾಳೆ. ಕೂಸಿನ ತಾಯಿ ಮೂರು ಗಂಟೆ ಬೀದಿ ಬೀದಿ ಹುಡುಕಿದ್ದಾಳೆ. ಕೂಸು ಸಿಕ್ಕಿದ ಕೂಡಲೇ ಮಕ್ಕಳ ಕಳ್ಳಿ ಎಂದು ಕೂಗೆದ್ದಿದೆ. ಹೊಡೆದವರಲ್ಲಿ ಅರ್ಧ ಜನಕ್ಕೆ ಯಾಕೆ ಹೊಡೆಯುತ್ತಿದ್ದೇವೆ ಎಂಬುದೂ ಗೊತ್ತಿರಲಿಲ್ಲ.

"ಮಗೂಗೆ ಉಣ್ಣಕಿಕ್ಕಿವ್ನಿ, ಅವರವ್ವ ಬಂದ್ರಾ?" ಎನ್ನುತ್ತಿದ್ದಳು ಲಕ್ಷ್ಮಮ್ಮ, ಬಂದವರನ್ನೆಲ್ಲ.

ಸಿದ್ದಕ್ಕ ರೇಗಿಕೊಂಡೇ ಆ ತಾಯಿಯ ಮುಂದೆ ಹೋದಳು, "ವಯಸ್ಸಾದಾಕೀಗೆ ಹಿಂಗ ಬಡೀತಾರೇನು?" ಎಂದು. ಆ ಹುಡುಗಿ ಕೂಸನ್ನು ಎದೆಗೆ ಅವಚಿಕೊಂಡು, "ಎಲ್ಲಿ ಹೋತೋ ಅಂತ ನನ್ನ ಜೀವಾನ ಹೋಗಿತ್ತಬೇ ಯವ್ವಾ" ಎಂದು ನಡುಗುತ್ತ ಅತ್ತಳು. ತನ್ನ ಸೀಮೆಯ ಮಾತು. ಇಟ್ಟಿಗೆ ಹೊರುವ ಹುಡುಗಿ, ಕೂಸನ್ನು ನೋಡಿಕೊಳ್ಳಲು ಅವಳಿಗೆ ಯಾವ ಲಕ್ಷ್ಮಮ್ಮನೂ ಸಿಕ್ಕಿರಲಿಲ್ಲ. ಸಿದ್ದಕ್ಕನ ಸಿಟ್ಟೆಲ್ಲ ಇಳಿದುಹೋಯಿತು.

"ತಪ್ಪು ನಂದ ಐತಿ ತಂಗಿ" ಎಂದಳು.

"ಗುರುವಾರ ನಿಂದೇ ಅಲ್ವಾ ಅಕ್ಕಾ?" ಎಂದ ಮುತ್ತಣ್ಣ, ಆಗತಾನೇ ಬಂದವನು. ಕೇಳಿದ ಮೇಲೆ ಅವನಿಗೇ ನೆನಪಾಗಿ ಮುಖ ಕಪ್ಪಿಟ್ಟಿತು.

ರಾತ್ರಿಯಾಗುವ ಮುಂಚೆಯೇ ಪಾಪಯ್ಯ ಬಂದರು. ಕೂಗಾಡಲಿಲ್ಲ, ಅದೇ ಭಯ ಹುಟ್ಟಿಸಿತು. ಖಾಲಿ ಮಾಡಿಸುವುದೇ ಸರಿ ಎಂದರು. ಸಿದ್ದಕ್ಕ ಕಾಲು ಹಿಡಿದಳು. ಭದ್ರಮ್ಮ ಯಾವತ್ತೂ ಯಾರಿಗೂ ಬಗ್ಗದವಳು, ಅವಳೂ ಕೈಮುಗಿದಳು. ಕೊನೆಗೆ ಪಾಪಯ್ಯ ಜೇಬಿನಿಂದ ಹಿತ್ತಾಳೆ ಬೀಗವೊಂದನ್ನು ತೆಗೆದರು.

"ಯಾರೂ ಇಲ್ದಾಗ ಆಚೆಯಿಂದ ಬೀಗ ಹಾಕಿ. ಅಂಗಾದ್ರೆ ಇರ್ಲಿ. ಇಲ್ದಿದ್ರೆ ಇಲ್ಲ."

ಯಾರೂ ಇಲ್ಲದಾಗ ಮಾತ್ರ ಎಂದು ಎಲ್ಲರೂ ಒಪ್ಪಿದರು. ಬಾಯಿ ಬಿಟ್ಟು ಯಾರೂ ಹೇಳಲಿಲ್ಲ, ಆದರೆ ಎಲ್ಲರ ಮೈಯಿಂದಲೂ ಒಂದು ಭಾರ ಇಳಿದದ್ದು ಸಿದ್ದಕ್ಕನಿಗೆ ತಿಳಿಯಿತು. ತನ್ನ ಮೈಯಿಂದಲೂ ಇಳಿಯಿತಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

ಬೀಗ ಬಂತು ನೋಡಿ, ಪಾಳಿ ಸತ್ತಿತು. ಯಾರೂ ಕೆಟ್ಟವರಾಗಿ ಅಲ್ಲ. ಒಬ್ಬರಿಗೆ ಮಗಳನ್ನು ನೋಡಲು ಗಂಡಿನವರು ಬರುವವರಿದ್ದರು, ಒಬ್ಬರಿಗೆ ಜ್ವರ. ಮುತ್ತಣ್ಣನಿಗೆ ಜನರೇಟರ್ ಬಂದ ಮೇಲೆ ರಜೆ ಯಾವ ದಿನ ಎಂಬುದೇ ಗೊತ್ತಾಗುತ್ತಿರಲಿಲ್ಲ. "ಇವತ್ತೊಂದಿನ ಬೀಗ ಹಾಕೋಗು ಸಿದ್ದಕ್ಕ, ಒಳಗೇ ತಾನೇ ಇರ್ತಾಳೆ" ಎಂದಳು ಭದ್ರಮ್ಮ ಮಳೆಗಾಲದಲ್ಲಿ. ದಸರಾ ಹೊತ್ತಿಗೆ ಹಾಗೆ ಹೇಳುವುದನ್ನೂ ಬಿಟ್ಟಳು, ಹೇಳದೆಯೇ ನಡೆಯುತ್ತಿತ್ತು. ಮಂಗಳವಾರ ಸಿದ್ದಕ್ಕ ಇರುತ್ತಿದ್ದಳು. ಉಳಿದ ಆರು ದಿನ ಬೀಗ.

ಕಾರ್ತಿಕದ ಒಂದು ಬೆಳಗ್ಗೆ ಲಕ್ಷ್ಮಮ್ಮ ಸಿದ್ದಕ್ಕನ ಸೆರಗು ಬಿಡಲಿಲ್ಲ. ಗಟ್ಟಿಯಾಗಿ ಹಿಡಿದುಕೊಂಡಳು, ಅಷ್ಟೇ. ಎಂಟಕ್ಕೆ ಕಾರ್ಖಾನೆಯ ಗೇಟು ಮುಚ್ಚುತ್ತದೆ. ಆ ತಿಂಗಳು ಎರಡು ಸಲ ತಡವಾಗಿತ್ತು, ಮೂರನೇ ಸಲವಾದರೆ ಕೆಲಸಕ್ಕೇ ಬರಬೇಡ ಎಂದಿದ್ದರು. ಸಿದ್ದಕ್ಕ ಒಂದೊಂದೇ ಬೆರಳು ಬಿಡಿಸಿದಳು. ಹೊರಗೆ ಬಂದು ಚಿಲಕ ಹಾಕಿ ಬೀಗ ಒತ್ತಿದಳು. ಒತ್ತಿದ್ದೇ ತಡ, ಎಲ್ಲಿತ್ತೋ ಅಳು, ಬಾಗಿಲಿಗೆ ಹಣೆ ಇಟ್ಟು ಬಿಕ್ಕಿದಳು. ನಲ್ಲಿ ಹತ್ತಿರದ ಹೆಂಗಸರು ಬಿಂದಿಗೆ ಕಡೆ ನೋಡುತ್ತ ನಿಂತರು.

ಒಳಗೆ ಕಾಲು ಎಳೆದುಕೊಂಡು ಬಂದ ಸದ್ದಾಯಿತು. ಬಾಗಿಲ ಸಂದಿಯ ಹತ್ತಿರ ಲಕ್ಷ್ಮಮ್ಮನ ದನಿ, ಎಷ್ಟೋ ದಿನದ ಮೇಲೆ ತಿಳಿಯಾಗಿ ಬಂತು.

"ಯಾರ್ ಮಗೀನೇ ಅದು ಅಳ್ತಿರೋದು? ಅಳಬ್ಯಾಡ ಕಂದ. ಅವ್ವ ಕೆಲ್ಸಕ್ಕೋಗವ್ಳೆ, ಸಂಜೀಗೆ ಬತ್ತಾಳೆ. ಅಲ್ಲೀಗಂಟ ನಾನಿಲ್ವಾ?"

ಸಿದ್ದಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಅಳು ನಿಂತಿತೇ ಎಂದು ಒಳಗಿನವಳು ಕಿವಿಗೊಟ್ಟು ಕಾಯುತ್ತಿದ್ದಳು. ಸದ್ದು ಪೂರ್ತಿ ನಿಂತ ಮೇಲೆ, "ಜಾಣೆ" ಎಂದಳು. ಸಿದ್ದಕ್ಕ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕಾರ್ಖಾನೆಯ ಗೇಟಿನ ಕಡೆ ಓಡಿದಳು.