ಸಾಂಬಾರ ಡಬ್ಬಿಯ ಮುಚ್ಚಳ

ಬೆಳಿಗ್ಗೆ ಅಡುಗೆಮನೆಯಲ್ಲಿ ಟಪ್ ಎಂದು ಸದ್ದಾಯಿತು. ಹಾಲ್‌ನಲ್ಲಿ ಪೇಪರ್ ಹಿಡಿದು ಕೂತಿದ್ದ ನಾನು ಒಂದೇ ಸಾಲನ್ನು ಮೂರು ಸಲ ಓದಿದೆ. ನಮ್ಮ ಡೊಂಬಿವಲಿಯ ಮನೆಯಲ್ಲಿ ಬೀಳುವ ವಸ್ತುಗಳಿಗೆ ಬರವಿಲ್ಲ. ಲಟ್ಟಣಿಗೆ ಬೀಳುತ್ತದೆ, ಇಕ್ಕಳ ಬೀಳುತ್ತದೆ, ಒಮ್ಮೊಮ್ಮೆ ಗೋಡೆಯ ಕ್ಯಾಲೆಂಡರೂ ಬೀಳುತ್ತದೆ. ಆದರೆ ಈ ಸದ್ದು ಬೇರೆ. ಇದು ಅರಸಿನ, ಮೆಂತೆ ಇಡುವ ಸಾಂಬಾರ ಡಬ್ಬಿಯ ಮರದ ಮುಚ್ಚಳ ಅಡುಗೆಕಟ್ಟೆಯ ಕಲ್ಲಿನ ಮೇಲೆ ಬೀಳುವ ಸದ್ದು. ದೀಪಾವಳಿ ಕಳೆದು ಹವೆ ಒಣಗಿದ ಮೇಲೆ ಶುರುವಾದರೆ ಬೇಸಿಗೆ ಮುಗಿಯುವ ತನಕ ಇದ್ದೇ ಇರುತ್ತದೆ.

“ಬಿತ್ತು,” ಎಂದಳು ವಾರಿಜ ಒಳಗಿನಿಂದ. ಅಷ್ಟೇ. ನನ್ನ ಹೆಂಡತಿ ಹನ್ನೊಂದು ವರ್ಷಗಳಿಂದ ಅಷ್ಟನ್ನೇ ಹೇಳುತ್ತಾಳೆ.

ನನ್ನ ಮೇಜಿನ ಡ್ರಾಯರಿನಲ್ಲಿ, ಲೈಟ್ ಬಿಲ್ಲುಗಳ ಕೆಳಗೆ, ಹಳೇ ಬನಿಯನ್ನಿನಲ್ಲಿ ಸುತ್ತಿದ ಹೊಸ ಮುಚ್ಚಳವೊಂದಿದೆ. ನಾನೇ ಮಾಡಿದ್ದು. ಅಲ್ಲಿಟ್ಟು ಆರು ತಿಂಗಳಾಯಿತು. ಒಂದು ಅಂಗೈಯಗಲದ ಮರದ ತುಂಡನ್ನು ಹೆಂಡತಿಯ ಕೈಗೆ ಕೊಡಲು ಧೈರ್ಯವಿಲ್ಲ ಎಂದರೆ ನೀವು ನಗುತ್ತೀರಿ. ಸ್ವಲ್ಪ ತಾಳಿ, ಕೇಳಿಸಿಕೊಂಡು ಆಮೇಲೆ ನಗಿ.

ಹನ್ನೊಂದು ವರ್ಷದ ಹಿಂದೆ ನಾನು ಥಾಣೆಯ ವಾಗ್ಳೆ ಎಸ್ಟೇಟಿನ ಒಂದು ಕಂಪನಿಯಲ್ಲಿ ಗುಮಾಸ್ತ. ಮಾಜಿವಾಡಾದಲ್ಲಿ ನಮ್ಮ ಊರ ಕಡೆಯ ಶೆಟ್ಟರದೊಂದು ಹೋಟೆಲು. ಭಾನುವಾರ ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯ ಗದ್ದಲ ಶುರುವಾಗುವ ಮೊದಲು ಎರಡು ಗಂಟೆ ಅದರ ಶಟರ್ ಅರ್ಧ ಇಳಿದಿರುತ್ತಿತ್ತು. ಆ ಹೊತ್ತಿನಲ್ಲಿ ಮರಗೆಲಸದ ಹುಚ್ಚಿನ ಏಳೆಂಟು ಜನ ಅಲ್ಲಿ ಸೇರುತ್ತಿದ್ದೆವು. ಮನೆಯಲ್ಲಿ ಮಾಡಿದ್ದನ್ನು ಚೀಲದಲ್ಲಿ ತಂದು ಮೇಜಿನ ಮೇಲಿಡುವುದು, ಕೈಯಿಂದ ಕೈಗೆ ದಾಟಿಸಿ ನೋಡುವುದು, ಚಹಾ ಕುಡಿಯುವುದು. ಶೆಟ್ಟರು ಸೌಟು ಕೆತ್ತುತ್ತಿದ್ದರು. ಹೋಟೆಲಿನಲ್ಲಿ ನೂರು ಸ್ಟೀಲಿನ ಸೌಟುಗಳಿರುವಾಗ ಈ ಮನುಷ್ಯನಿಗೆ ಮರದ ಸೌಟೇ ಏಕೆ ಬೇಕಿತ್ತೋ ದೇವರೇ ಬಲ್ಲ.

ನಮಗೆಲ್ಲ ಹಿರಿಯರು ಬಡಿಗೇರ ಕಾಕಾ. ಧಾರವಾಡದ ಕಡೆಯವರು, ಫ್ಯಾಕ್ಟರಿಯೊಂದರಲ್ಲಿ ಎರಕದ ಅಚ್ಚುಗಳಿಗೆ ಮರದ ಮಾದರಿ ಮಾಡಿ ಮಾಡಿ ನಿವೃತ್ತರಾದವರು. ಅವರು ಹಾಕಿಕೊಟ್ಟ ಪದ್ಧತಿಯೊಂದಿತ್ತು. ವಸ್ತು ಮೇಜಿಗೆ ಬಂದ ಮೇಲೆ ಯಾರೂ ಹೊಗಳಬಾರದು, ತೆಗಳಲೂಬಾರದು. ಮಾಡಿದವನೇ ಮೊದಲು ಎದ್ದು ಅದರಲ್ಲಿರುವ ಒಂದು ಕೊರತೆಯನ್ನು ಹೇಳಬೇಕು. ಇದಕ್ಕೆ ‘ಕಸರ್ ಹೇಳೋದು’ ಅನ್ನುತ್ತಿದ್ದೆವು. ಮರಾಠಿಯವರೂ ನಮ್ಮಲ್ಲಿದ್ದುದರಿಂದ ಆ ಶಬ್ದವೇ ನಿಂತಿತು. ಕಸರ್ ಹೇಳಿಯಾದ ಮೇಲೇ ಉಳಿದವರ ಬಾಯಿಗೆ ಬಿಡುಗಡೆ. ಇನ್ನೊಂದು ನಿಯಮ: ಮಾಡಿದವನು ತನ್ನ ವಸ್ತುವನ್ನು ಏನು ಮಾಡಿಕೊಂಡರೂ ಯಾರೂ ಅಡ್ಡ ಬರಬಾರದು.

ನನ್ನ ವಿಷಯದಲ್ಲಿ ಈ ಪದ್ಧತಿ ಒಂದು ಶಿಕ್ಷೆಯೇ ಆಗಿತ್ತು. ಉಳಿದವರು ಒಂದು ಕೊರತೆ ಹುಡುಕಲು ತಲೆ ಕೆರೆದುಕೊಳ್ಳುತ್ತಿದ್ದರೆ, ನನಗೆ ಯಾವುದರಿಂದ ಶುರು ಮಾಡಬೇಕೆಂದೇ ತಿಳಿಯುತ್ತಿರಲಿಲ್ಲ. ನಾನು ಮಾಡಿದ ಮಣೆಯ ಮೇಲೆ ಕೂತರೆ ದೋಣಿಯಲ್ಲಿ ಕೂತ ಹಾಗೆ. ನಾನು ಮಾಡಿದ ಮೊಬೈಲ್ ಸ್ಟ್ಯಾಂಡು ಇಟ್ಟ ಮೊಬೈಲನ್ನು ಶೆಟ್ಟರ ಸಾಂಬಾರಿಗೇ ಬೀಳಿಸಿತ್ತು. “ಸಾಹೇಬ್ರು ಎದ್ರು ಅಂದ್ರ ಇನ್ನೊಂದು ಚಾ ಹೇಳ್ರಿ, ತಡ ಆಗತೈತಿ,” ಎನ್ನುತ್ತಿದ್ದರು ಕಾಕಾ. ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಮರಳಿ ಲೋಕಲ್ ರೈಲಿನಲ್ಲಿ ನಿಂತು ಬರುವಾಗ ಮಾತ್ರ ನಗು ಬರುತ್ತಿರಲಿಲ್ಲ.

ವಾರಿಜ ಹುಟ್ಟಿ ಬೆಳೆದದ್ದು ಕಲ್ಯಾಣದ ಒಂದು ಚಾಳಿನ ಒಂದೇ ಕೋಣೆಯ ಮನೆಯಲ್ಲಿ. ಪಕ್ಕದ ಕೋಣೆಯಲ್ಲಿ ಮರಗೆಲಸದವರಿದ್ದರಂತೆ. ಶಾಲೆಯಿಂದ ಬಂದವಳು ಅವರ ಬಾಗಿಲಲ್ಲಿ ಕೂತು ನೋಡುತ್ತಿದ್ದಳಂತೆ. ಅಷ್ಟೇ ವಿದ್ಯೆ. ನಾನು ಹೇಳುತ್ತಿರುವ ವರ್ಷ ಆ ಚಾಳು ಕೆಡವಿದರು. ಇವಳು ಹೋಗಿ, ತಾವಿದ್ದ ಕೋಣೆಯ ಸಾಗವಾನಿ ಬಾಗಿಲಿನ ಒಂದು ಹಲಗೆಯನ್ನು ಕೇಳಿ ತಂದಳು. ಲೋಕಲ್ಲಿನ ಲೇಡೀಸ್ ಬೋಗಿಯಲ್ಲಿ ಹಲಗೆ ಹಿಡಿದು ನಿಂತದ್ದಕ್ಕೆ ಹೆಂಗಸರು ಬೈದ ಬೈಗಳನ್ನು ಮರಾಠಿಯಲ್ಲೇ ನನಗೆ ಒಪ್ಪಿಸಿದಳು. ಆಮೇಲೆ ನಾನು ಆಫೀಸಿಗೆ ಹೋದ ಹೊತ್ತಿನಲ್ಲಿ, ಅಡುಗೆಮನೆಯ ನೆಲದಲ್ಲಿ ಕೂತು, ಹಲಗೆಯನ್ನು ಕಾಲಿನಿಂದ ಒತ್ತಿ ಹಿಡಿದು, ನನ್ನದೇ ಉಳಿ, ನನ್ನದೇ ಗರಗಸದಲ್ಲಿ ಕೆಲಸ ಮಾಡಿದಳು. ಆಷಾಢದ ಒಂದು ಸಂಜೆ ನಾನು ಮಳೆಯಲ್ಲಿ ನೆನೆದು ಮನೆಗೆ ಬಂದರೆ ಕಟ್ಟೆಯ ಮೇಲೆ ಸಾಂಬಾರ ಡಬ್ಬಿ ಕೂತಿತ್ತು. ಒಳಗೆ ಆರು ಕೋಣೆ. ಮೂಲೆಗಳು ಮೊಳೆಯಿಲ್ಲದೆ ಒಂದರೊಳಗೊಂದು ಕಚ್ಚಿಕೊಂಡಿದ್ದವು. ಮೇಲೆ, ಎರಡು ಬದಿಯ ತೋಡಿನಲ್ಲಿ ಜಾರುವ ಮುಚ್ಚಳ. ಎಳೆದರೆ ಬಿಗಿಯಾಗಿ, ಹಟ ಮಾಡಿಕೊಂಡೇ ಬರುತ್ತಿತ್ತು.

“ನಿಮ್ಮ ಭಾನುವಾರದವರಿಗೆ ತೋರಿಸ್ತೀರಾ?” ಎಂದು ಕೇಳಿದಳು. ಕೇಳುವಾಗ ನನ್ನ ಕಡೆ ನೋಡಲಿಲ್ಲ, ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದಳು.

ತೋರಿಸಿದೆ. ಚೀಲದಿಂದ ಹೊರಗೆ ತೆಗೆದ ಕೂಡಲೇ ಎಲ್ಲರೂ ಮೇಜಿನ ಮೇಲೆ ಬಾಗಿದರು. “ಎಂತ ಮಾರಾಯ್ರೆ, ಇದು ನೀವೇ ಮಾಡಿದ್ದಾ?” ಎಂದರು ಶೆಟ್ಟರು. ಹೆಂಡತಿ ಮಾಡಿದ್ದು ಎಂಬ ಮಾತು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಆ ಏಳೆಂಟು ಮುಖಗಳಲ್ಲಿ ಮೊದಲ ಸಲ ನಗುವಿರಲಿಲ್ಲ. “ಹೌದು,” ಎಂದೆ.

ಕಾಕಾ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. “ಕಸರ್ ಹೇಳ್ರಿ ಸಾಹೇಬ್ರ.”

ಅದರಲ್ಲಿ ಕೊರತೆ ಎಲ್ಲಿದೆಯೆಂದು ನನಗೇನು ಗೊತ್ತು? “ಮುಚ್ಚಳ ಸ್ವಲ್ಪ ಬಿಗಿ,” ಎಂದೆ.

“ಅದು ಎಲ್ಲಾರ ಕೈಗೂ ತಿಳಿಯೂದು ಬಿಡ್ರಿ. ಮಾಡಿದವರಿಗೆ ಅಷ್ಟ ಗೊತ್ತಿರೋದು ಒಂದ ಇರತೈತಿ. ಅದನ್ನ ಹೇಳ್ರಿ.”

“ಅದೇ ಕಾಕಾ, ಬಿಗಿ. ಅದೇ.”

ಕಾಕಾ ಡಬ್ಬಿಯನ್ನು ಮೇಜಿನ ಮೇಲಿಟ್ಟರು. ಶೆಟ್ಟರು ಪಾಪ, ಉಪಕಾರಕ್ಕೆಂದು ಪಾಲಿಶ್ ಪೇಪರಿನ ತುಂಡು ಮುಂದೆ ಇಟ್ಟರು. “ಎರಡು ಬದಿ ಉಜ್ಜಿದ್ರೆ ಆಯ್ತಲ್ಲ.” ನಾನೇ ಮಾಡಿದ್ದಾದರೆ ಉಜ್ಜಲು ಏನಡ್ಡಿ? ಎಲ್ಲರೂ ನೋಡುತ್ತಿದ್ದರು. ಉಜ್ಜಿದೆ. “ಮಳಿಗಾಲದಾಗ...” ಎಂದು ಶುರು ಮಾಡಿದ ಕಾಕಾ, ಅಡ್ಡ ಬರಬಾರದೆಂಬ ತಮ್ಮದೇ ನಿಯಮ ನೆನಪಾಗಿ ಬಾಯಿ ಮುಚ್ಚಿದರು. ಮಳೆಗಾಲದಲ್ಲಿ ಮರ ಉಬ್ಬಿರುತ್ತದೆ, ಆಗ ಬಿಗಿಯಿದ್ದದ್ದೇ ಚಳಿಗಾಲದಲ್ಲಿ ಸರಿಯಾಗಿ ಕೂರುತ್ತದೆ ಎಂಬ ಸಾದಾ ಸಂಗತಿ ಅಲ್ಲಿ ಅವರಿಗೆ ಗೊತ್ತಿತ್ತು, ಮನೆಯಲ್ಲಿ ವಾರಿಜಳಿಗೆ ಗೊತ್ತಿತ್ತು. ನಡುವೆ ಉಜ್ಜುತ್ತ ಕೂತ ಈ ಮಹಾಶಯನಿಗೆ ಗೊತ್ತಿರಲಿಲ್ಲ. ಮುಚ್ಚಳ ಬೆಣ್ಣೆಯ ಹಾಗೆ ಜಾರತೊಡಗಿತು. ನಾನು ಹೆಮ್ಮೆಯಿಂದ ಎಲ್ಲರಿಗೂ ಜಾರಿಸಿ ತೋರಿಸಿದೆ.

ಮನೆಗೆ ಬಂದರೆ ಅವಳು ಬಾಗಿಲಲ್ಲೇ ಇದ್ದಳು. “ನಾನು ಮಾಡಿದ್ದು ಅಂತ ಹೇಳಿದ್ರಾ?”

“ಹೇಳಿದೆ.”

“ಏನಂದ್ರು? ಕಾಕಾ ಏನಂದ್ರು?”

ಹೊಗಳಿಕೆಯನ್ನು ಹುಟ್ಟಿಸಿ ಹೇಳಿದೆ. ಅವಳು ಕಣ್ಣರಳಿಸಿ ಕೇಳಿದಳು. ಊಟಕ್ಕೆ ಕೂತಾಗ ಇನ್ನೊಮ್ಮೆ ಕೇಳಿದಳು. ಎರಡನೆಯ ಸಲ ಹೇಳುವಾಗ ಇನ್ನೆರಡು ಮಾತು ಸೇರಿಸಿದೆ. ಆಮೇಲೆ ಮುಚ್ಚಳ ಎಳೆದು ನೋಡಿ, “ಇದೇನು ಇಷ್ಟು ಸಲೀಸು?” ಎಂದಳು. “ಎಲ್ಲರೂ ಎಳೆದೆಳೆದು ನೋಡಿದ್ರಲ್ಲ,” ಎಂದೆ. ನಂಬಿದಳು.

ದೀಪಾವಳಿ ಕಳೆಯಿತು. ಒಂದು ಬೆಳಿಗ್ಗೆ ಡಬ್ಬಿಯನ್ನು ಸ್ವಲ್ಪ ಓರೆ ಮಾಡಿದ್ದೇ ತಡ, ಮುಚ್ಚಳ ಟಪ್ ಎಂದು ಬಿತ್ತು, ಅರಸಿನವೆಲ್ಲ ಚೆಲ್ಲಿತು. ಮರುದಿನ ಮತ್ತೆ ಬಿತ್ತು. ವಾರಿಜ ಮುಚ್ಚಳವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. “ನನ್ನ ಅಂದಾಜೇ ತಪ್ಪಿತು. ಬಿಗಿ ಬಿಟ್ಟಿದ್ದೆ ಅಂದ್ಕೊಂಡಿದ್ದೆ. ಬಸ್, ಇದು ನನ್ನ ಕೈಗೆ ಹೇಳಿದ ಕೆಲಸ ಅಲ್ಲ,” ಎಂದಳು. ತಾನು ಹಿಡಿಯುತ್ತಿದ್ದ ಉಳಿಗಳಿಗೆ ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ, ಅಟ್ಟಕ್ಕೆ ಹಾಕಿದಳು. ಹಲಗೆಯಲ್ಲಿ ಉಳಿದ ತುಂಡನ್ನೂ ಹಾಕಿದಳು. ನಾನು ನೋಡುತ್ತ ಕೂತಿದ್ದೆ. ಒಂದು ಮಾತು ಹೇಳಿದ್ದರೆ ಅವಳ ಕೈ ಅವಳಿಗೆ ವಾಪಸು ಸಿಗುತ್ತಿತ್ತು. ಆ ಮಾತು ಹೇಳಲು ನನಗೆ ಎರಡು ತಿಂಗಳು ಬಾಯಿ ಬರಲಿಲ್ಲ. ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ: ಅವಳ ದುಃಖಕ್ಕಿಂತ ಕಾಕಾರ ನಗು ನನಗೆ ದೊಡ್ಡದಾಗಿತ್ತು.

ಸಂಕ್ರಾಂತಿಯ ಭಾನುವಾರ ಮನೆಮಂದಿಯನ್ನೆಲ್ಲ ಕರೆತರಬೇಕೆಂದು ಶೆಟ್ಟರು ಅಪ್ಪಣೆ ಹೊರಡಿಸಿದರು. ನನಗೆ ಹೇಳಿದ್ದರೆ ಏನಾದರೂ ನೆವ ಹುಡುಕುತ್ತಿದ್ದೆ. ಅವರು ನೇರ ಮನೆಗೇ ಫೋನ್ ಮಾಡಿದರು. “ಅಕ್ಕಾ, ನೀವೂ ಬರ್ಲೇಬೇಕು. ಆ ಡಬ್ಬಿಯನ್ನೂ ತನ್ನಿ, ಹೆಂಗಸರೆಲ್ಲ ನೋಡ್ಬೇಕಂತೆ.” ವಾರಿಜ ಬೇಡವೆಂದಳು, ಆಮೇಲೆ ಒಪ್ಪಿದಳು. “ಎಲ್ಲರ ಎದುರು ನಾನೇ ಕಸರ್ ಹೇಳಿಬಿಡ್ತೇನೆ. ಮುಚ್ಚಳ ನನ್ನ ತಪ್ಪು,” ಎಂದಳು. ಅವಳಿಗೆ ಆ ಪದ್ಧತಿಯನ್ನು ಹೆಮ್ಮೆಯಿಂದ ವಿವರಿಸಿದವನೂ ನಾನೇ.

ಅಂದು ಮೆಗಾಬ್ಲಾಕು, ಹಳಿ ರಿಪೇರಿಗೆಂದು ಗಾಡಿಗಳು ಕಡಿಮೆ. ಡೊಂಬಿವಲಿ ಪ್ಲಾಟ್‌ಫಾರ್ಮಿನಲ್ಲಿ ಮುಕ್ಕಾಲು ಗಂಟೆ ನಿಂತೆವು. ಗಾಡಿ ಬಾರದಿರಲಿ ಎಂದು ದೇವರಿಗೆ ಮೊರೆಯಿಟ್ಟ ಪ್ರಯಾಣಿಕ ಆ ಸ್ಟೇಷನ್ನಿನಲ್ಲಿ ನಾನೊಬ್ಬನೇ ಇದ್ದಿರಬೇಕು. ಗಾಡಿ ಬಂತು. ಅವಳು ಡಬ್ಬಿಯನ್ನು ಎದೆಗೊತ್ತಿಕೊಂಡು ಲೇಡೀಸ್‌ಗೆ ಹತ್ತಿದಳು. ನಾನು ಜನರಲ್ ಬೋಗಿಯಲ್ಲಿ ಸುಳ್ಳಿಗೆ ಹೊಸ ಸುಳ್ಳು ಹೊಲಿಯುತ್ತ ಥಾಣೆ ತಲುಪಿದೆ. ಒಂದೂ ಹೊಂದಲಿಲ್ಲ.

ಹೋಟೆಲಿನಲ್ಲಿ ಎಳ್ಳುಂಡೆ ಹಂಚಿ ಆಗಿತ್ತು. ಸೌಟು, ಮಣೆ, ಆಟಿಕೆ ಎಲ್ಲ ಸುತ್ತು ಬಂದವು. ಕೊನೆಗೆ ಡಬ್ಬಿ. ಕಾಕಾ ಅದನ್ನೆತ್ತಿದರು, ಮುಚ್ಚಳ ಜಾರಿ ಮೇಜಿನ ಮೇಲೆ ಬಿತ್ತು. ಕಸರ್ ಹೇಳುವ ಮೊದಲು ಯಾರೂ ತುಟಿ ಬಿಚ್ಚುವಂತಿರಲಿಲ್ಲ. ವಾರಿಜ ಕುರ್ಚಿಯಿಂದ ಏಳತೊಡಗಿದಳು. ಅದೇ ಹೊತ್ತಿಗೆ ಕಾಕಾ ನನ್ನ ಕಡೆ ತಿರುಗಿ, “ಸಾಹೇಬ್ರ, ನಿಮ್ಮ ಡಬ್ಬಿ. ಕಸರ್ ಹೇಳ್ರಿ,” ಎಂದರು.

ವಾರಿಜ ಅರ್ಧ ಎದ್ದವಳು ಹಾಗೇ ನಿಂತಳು. ‘ನಿಮ್ಮ ಡಬ್ಬಿ’ ಎಂದರೇನೆಂದು ಅವಳಿಗೆ ಅರ್ಥವಾಗುವುದನ್ನು ನಾನು ಅವಳ ಮುಖದಲ್ಲಿ ನೋಡಿದೆ. ಆ ನೋಟವನ್ನು ಬರೆದು ತೋರಿಸಲು ನನ್ನಿಂದಾಗದು.

ಎದ್ದು ನಿಂತೆ. “ಇದರಲ್ಲಿರುವ ಕಸರ್ ಒಂದೇ. ಆ ದಿನ ಮುಚ್ಚಳ ಉಜ್ಜಿದ್ದು ನಾನು. ಡಬ್ಬಿ ಮಾಡಿದ್ದು ನಾನಲ್ಲ, ಇವಳು. ಇವಳು ಬಿಗಿಯಾಗಿಯೇ ಮಾಡಿದ್ದಳು.”

ಕಾಕಾ ನಗಲಿಲ್ಲ. ನಗಲಿ ಎಂದು ಅದೊಂದು ದಿನ ನಾನು ಹಂಬಲಿಸಿದೆ. ಅವರು ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಅವಳ ಮುಂದಿಟ್ಟರು. “ಹಂಗಾರ ಕಸರ್ ನೀವ ಹೇಳ್ಬೇಕವ್ವಾ.”

ಅವಳು ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡು ಹೇಳಿದಳು: “ಮೆಂತೆ ಹಾಕುವ ಕೋಣೆಯ ತಳದಲ್ಲಿ ಒಂದು ತೇಪೆ ಉಂಟು. ನಮ್ಮ ಬಾಗಿಲಿನ ಚಿಲಕದ ತೂತು ಅದು. ಅದೇ ಮರದ ಚಕ್ಕೆ ಕೂರಿಸಿದ್ದೇನೆ. ಅದರ ನಾರು ಹಲಗೆಯ ನಾರಿಗೆ ಅಡ್ಡ ಬಂದಿದೆ.”

ಕಾಕಾ ಕನ್ನಡಕ ಏರಿಸಿ ನೋಡಿದರು. ಉಗುರು ಆಡಿಸಿದರು. ಕಿಟಕಿಗೆ ಒಯ್ದ ಮೇಲೆ ಸಿಕ್ಕಿತು. “ಹಾಂ,” ಎಂದರು. ಆರು ತಿಂಗಳು ಅದೇ ಡಬ್ಬಿಯ ಮೆಂತೆಯ ಒಗ್ಗರಣೆ ತಿಂದ ನಾನು ಒಂದು ದಿನವೂ ಅದರ ಒಳಗೆ ಸರಿಯಾಗಿ ನೋಡಿರಲಿಲ್ಲ.

ಐದನೆಯ ದಿನ ಅವಳು ನನ್ನೊಡನೆ ಮಾತಾಡಿದಳು. “ನಿಮ್ಮದು ಅಂತ ಹೇಳ್ಕೊಂಡದ್ದಕ್ಕೆ ನಂಗೆ ಅಷ್ಟು ಸಿಟ್ಟಿಲ್ಲ. ನನ್ನ ಕೈಯೇ ಸರಿ ಇಲ್ಲ ಅಂತ ನಾನು ಎರಡು ತಿಂಗಳು ಅತ್ತಿದ್ದೇನೆ. ನೀವು ಅದನ್ನ ನೋಡ್ತಾ ಕೂತಿದ್ರಲ್ಲ, ಖರೇ ಹೇಳ್ತೇನೆ, ಅದು ಹೋಗುದಿಲ್ಲ.” ಹೊಸ ಮುಚ್ಚಳ ಮಾಡಿಸೋಣ ಎಂದೆ. “ಬೇಡ. ಬೀಳಲಿ,” ಎಂದಳು.

ಉಳಿಗಳು ಅಟ್ಟದಿಂದ ಇಳಿದವು. ಆಮೇಲಿನ ಭಾನುವಾರಗಳಲ್ಲಿ ಅವಳು ಮೇಜಿನ ಬಳಿ, ನಾನು ಚೀಲ ಹೊರುವವನು. ಕಾಕಾ ಇದ್ದಷ್ಟು ದಿನ ಅವಳನ್ನು ತಮ್ಮ ಪಕ್ಕದಲ್ಲೇ ಕೂರಿಸಿಕೊಳ್ಳುತ್ತಿದ್ದರು. ನಾನು ಕಸರ್ ಹೇಳುತ್ತ ಹೇಳುತ್ತ, ಬಹಳ ನಿಧಾನವಾಗಿ, ಉಳಿ ಹಿಡಿಯಲು ಕಲಿತೆ. ಕಳೆದ ಆಷಾಢದಲ್ಲಿ ಅದೇ ಹಲಗೆಯ ಉಳಿದ ತುಂಡಿನಿಂದ ಮುಚ್ಚಳ ಮಾಡಿದೆ. ಬಿಗಿಯಾಗಿ ಮಾಡಿದೆ, ಉಜ್ಜಲಿಲ್ಲ. ಚಳಿಗಾಲಕ್ಕೆ ಕಾದೆ.

ಇವತ್ತು ಟಪ್ ಎಂದ ಮೇಲೆ ಪೇಪರ್ ಮಡಚಿಟ್ಟೆ. ಬನಿಯನ್ ಬಿಚ್ಚಿ, ಮುಚ್ಚಳವನ್ನು ಒಯ್ದು ಒಲೆಯ ಪಕ್ಕದಲ್ಲಿಟ್ಟೆ. ವಾರಿಜ ಅದನ್ನು ನೋಡಿದಳು, ಗ್ಯಾಸ್ ಸಣ್ಣ ಮಾಡಿದಳು.

“ಕಸರ್ ಹೇಳಿ.”

“ಬಲಬದಿಯಲ್ಲಿ ಉಳಿ ಜಾರಿದೆ.”

“ಅದು ಕಾಣ್ತದೆ. ಕಾಣದ್ದು ಹೇಳಿ.”

“ಹನ್ನೊಂದು ವರ್ಷ ತಡ ಆಯ್ತು,” ಎಂದೆ.

ಅವಳು ಮುಚ್ಚಳವನ್ನು ತೋಡಿಗೆ ಕೂರಿಸಿ ದೂಡಿದಳು. ಡಬ್ಬಿಯನ್ನು ಎತ್ತಿ ಓರೆ ಮಾಡಿದಳು, ಇನ್ನೂ ಓರೆ ಮಾಡಿದಳು. ಬೀಳಲಿಲ್ಲ. ಕಟ್ಟೆಯ ಮೇಲೆ ಬಿದ್ದಿದ್ದ ಹಳೆಯದನ್ನು ಸೆರಗಿನಿಂದ ಒರೆಸಿ ನನ್ನ ಕೈಗಿಟ್ಟಳು.

“ಇದನ್ನ ಬಿಸಾಡ್ಬೇಡಿ. ಒಳಗಿಡಿ.”

ಅದೇ ಬನಿಯನ್ನಿನಲ್ಲಿ ಸುತ್ತಿ, ಅದೇ ಡ್ರಾಯರಿನಲ್ಲಿಟ್ಟಿದ್ದೇನೆ.