ಟೇಪು ಮಾವ ಎಳೆದ ಗೆರೆ

ನಮ್ಮ ಓಣಿಯ ದರ್ಜಿ, ಅದೇ ಟೇಪು ಮಾವ, ಕೊರಳಲ್ಲಿ ಟೇಪು ಇಲ್ಲದೆ ಇದ್ದದ್ದನ್ನ ಅವನ ಹೆಂಡತಿಯೂ ನೋಡಿರಲಿಕ್ಕಿಲ್ಲ. ಮಲಗೋವಾಗಲೂ ಅದು ದಿಂಬಿನ ಪಕ್ಕ ಇರಬೇಕು. ಜೇಬಲ್ಲಿ ನೀಲಿ ಸೀಮೆಸುಣ್ಣ. ವೇಷಕ್ಕೇನೂ ಕಡಿಮೆ ಇರಲಿಲ್ಲ, ಹೊಲಿಗೆ ಮಾತ್ರ ಅಷ್ಟಕ್ಕಷ್ಟೆ. ಅವನು ಹೊಲಿದ ಕೋಟು ಹಾಕ್ಕೊಂಡ ಮದುಮಗನೊಬ್ಬ ಫೋಟೋದಲ್ಲಿ ಇವತ್ತಿಗೂ ಒಂದು ಭುಜ ಎತ್ತಿಕೊಂಡೇ ನಿಂತಿದ್ದಾನೆ. ಕೇಳಿದ್ದಕ್ಕೆ ಈ ಪುಣ್ಯಾತ್ಮ ಏನಂದ ಗೊತ್ತಾ? "ಕೋಟು ಸರಿಯಾಗೇ ಇದೆ. ಹುಡುಗನೇ ಓರೆ."

ಹೊಲಿಗೆ ಅನ್ನೋದು ಬರೀ ನೆಪ ಕಣ್ರಿ. ಅವನ ನಿಜವಾದ ಕಸುಬು ಕಂಡವರ ಕೆಲಸಕ್ಕೆ ಬುದ್ಧಿ ಹೇಳೋದು. ಬಡಗಿ ಬಾಗಿಲು ಕೂರಿಸ್ತಿದ್ದರೆ ಅಲ್ಲಿ ಹಾಜರ್, ನಲ್ಲಿ ರಿಪೇರಿಯವನು ಬಂದರೆ ಅಲ್ಲೂ ಹಾಜರ್. ಕೆಲಸ ಕೆಟ್ಟರೆ, "ನನ್ನ ಮಾತು ಎಲ್ಲಿ ಕೇಳ್ತಾರೆ?" ನೆಟ್ಟಗಾದರೆ, "ನಾನಿದ್ದ ಹೊತ್ತಿಗೆ ಆಯ್ತು." ಹೇಗಾದರೂ ಗೆದ್ದೆತ್ತಿನ ಬಾಲ ಇವನ ಕೈಯಲ್ಲೇ!

ಪಕ್ಕದ ಮನೆಯಲ್ಲಿ ಬನ್ನಕ್ಕ ಇದ್ದಳು. ಬನ್ನು, ಬ್ರೆಡ್ಡು ಸುಟ್ಟು ಮಾರೋಳು, ಅದಕ್ಕೇ ಆ ಹೆಸರು. ಎಷ್ಟೋ ವರ್ಷ ಬಾಡಿಗೆ ಒಲೆಯಲ್ಲಿ ಬೆಂದು, ಸಾಕಾಗಿ, ತನ್ನ ಹಿತ್ತಲಲ್ಲೇ ಒಂದು ದೊಡ್ಡ ಒಲೆ ಕಟ್ಟಿಸೋಣ ಅಂದುಕೊಂಡಳು. ಎರಡು ಮನೆಯ ಹಿತ್ತಲಿಗೂ ನಡುವೆ ಗೋಡೆ ಇರಲಿಲ್ಲ. ಬುದ್ಧಿವಂತೆ, ಮೊದಲೇ ಕೇಳಿದಳು. "ಮಾವ, ನಿಮ್ಮ ಜಾಗ ಎಲ್ಲಿಂದ ಶುರು ಅಂತ ತೋರಿಸಿಬಿಡಿ. ಆಮೇಲೆ ತಕರಾರು ಬೇಡ."

ಕೇಳೋದೇ ತಡ, ಮಾವ ಮಂಡಿಯೂರಿದ. ಅವಳ ಗೋಡೆಯಿಂದ ಹಿಡಿದು ಟೇಪು ಎಳೆದು ಎಳೆದು ಅಳೆದು, ಕಲ್ಲುಚಪ್ಪಡಿ ಮೇಲೆ ನೀಲಿ ಗೆರೆ ಹಾಕಿದ. "ಇಲ್ಲೀವರೆಗೂ ನಿಂದೇ ತಾಯಿ. ಕಣ್ಣುಮುಚ್ಕೊಂಡು ಕಟ್ಟು."

ಸುಮ್ಮನೆ ಒಳಗೆ ಹೋದನಾ? ಕುರ್ಚಿ ತಂದು ಹಾಕ್ಕೊಂಡು ಒಲೆ ಮುಗಿಯೋವರೆಗೂ ಮೇಸ್ತ್ರಿಯ ತಲೆ ತಿಂದ. "ಬಾಯಿ ಅಗಲ ಆಯ್ತು, ಕಿರಿದು ಮಾಡು. ಬೆನ್ನು ಹಿಂದಕ್ಕೆ ಸರಿಸು, ಗೆರೆ ಮುಟ್ಟಲಿ." ಮೇಸ್ತ್ರಿ ತಡೆಯೋವಷ್ಟು ತಡೆದು, "ಮಾವ, ಇದು ಒಲೆ, ಪೈಜಾಮ ಅಲ್ಲ" ಅಂದ. ಮೇಸ್ತ್ರಿಗೂ ಮಾವನಿಗೂ ಎಣ್ಣೆ ಸೀಗೆಕಾಯಿ ಶುರುವಾಗಿದ್ದು ಅಲ್ಲಿಂದಲೇ.

ಒಲೆ ಚೆನ್ನಾಗಿ ಬಂತು. ಬನ್ನು ಹತ್ತಿಯ ಹಾಗೆ ಉಬ್ಬಿತು. ಬನ್ನಕ್ಕ ಬಾಡಿಗೆ ಒಲೆ ಬಿಟ್ಟಳು. ಇನ್ನು ಅವಳ ಅನ್ನ ಇದ್ದದ್ದು ಇದೊಂದರಲ್ಲೇ.

ಆಮೇಲೆ ಮಾವನಿಗೆ ಒಬ್ಬ ಅಳಿಯ ಬಂದ. ಅಳಿಯಂದಿರ ಸುದ್ದಿ ಬೇಡ ಬಿಡಿ, ಉಂಡ ತಟ್ಟೆ ತೊಳೆಯದವನಿಗೂ ಮಾವನ ಹಿತ್ತಲು ಎಷ್ಟಗಲ ಅನ್ನೋದು ಚೆನ್ನಾಗಿ ಗೊತ್ತಿರುತ್ತೆ. ಇವನಿಗೆ ಅಲ್ಲಿ ಶೆಡ್ಡು ಬೇಕಾಗಿತ್ತು. ಸರ್ವೆಯವರನ್ನ ಕರೆಸಿದ. ಅವರು ಸರಪಳಿ ಹಿಡಿದು ನೋಡ್ತಾರೆ, ಒಲೆಯ ಬೆನ್ನು ಒಂದು ಮೊಳ ದರ್ಜಿಯ ಜಾಗದಲ್ಲಿದೆ! ಆಗಬೇಕಾದ್ದೇ. ಬಟ್ಟೆ ಟೇಪು, ಹಳೇದು. ಜಗ್ಗಿ ಜಗ್ಗಿ ಉದ್ದ ಆಗಿತ್ತು. ಆ ಮದುಮಗನ ಭುಜ ಓರೆ ಆದದ್ದು ಯಾಕೆ ಅಂತ ಈಗ ಗೊತ್ತಾಯ್ತಲ್ಲ?

ಬೆನ್ನು ಒಡೆದರೆ ಒಲೆ ನಿಲ್ಲಲ್ಲ. ಬನ್ನಕ್ಕ ಮನೆಗೇ ಹೋಗಿ ಕೇಳಿದಳು. "ಮಾವ, ಗೆರೆ ಎಳೆದೋರು ನೀವೇ ಅಲ್ವಾ?" ಮಾವ ಮುಖ ತಿರುಗಿಸಿಕೊಂಡು ಸೂಜಿಗೆ ದಾರ ಪೋಣಿಸ್ತಾ ಕೂತ. "ಕೋರ್ಟು ನೋಡ್ಕೊಳ್ಳುತ್ತೆ" ಅಂತ ಅಳಿಯ ಉತ್ತರ ಕೊಟ್ಟ. ಒಲೆ ಒಡೆಸಬೇಕು ಅಂತ ಮಾವನ ಹೆಸರಲ್ಲೇ ಕೇಸು ಹಾಕಿಸಿದ.

ಮಾವನ ವಕೀಲರು ಮೊದಲೇ ಎಚ್ಚರಿಸಿದ್ದರು. "ನೋಡಿ, ಎಸ್ಟಾಪೆಲ್ ಅಂತ ಒಂದಿದೆ. ನೀವು ಹೂಂ ಅಂದು, ಅದನ್ನ ನಂಬಿ ಇನ್ನೊಬ್ಬರು ಕಟ್ಟಿಕೊಂಡ ಮೇಲೆ, ನೀವು ಊಹೂಂ ಅಂದರೆ ಕೋರ್ಟು ಕೇಳಲ್ಲ. ಅದಕ್ಕೇ, ಕಟ್ಟೋವಾಗ ನಾನು ಅಲ್ಲಿರಲಿಲ್ಲ, ನನಗೇನೂ ಗೊತ್ತಿಲ್ಲ ಅನ್ನಿ. ಬಾಯಿಗೆ ಬೀಗ." ಸುಳ್ಳು ಹೇಳಿಕೊಡೋಕೂ ಓದಿರಬೇಕು ನೋಡಿ!

ಕಟಕಟೆಯಲ್ಲಿ ಮಾವ ಗಿಳಿಯ ಹಾಗೆ ಒಪ್ಪಿಸಿದ. "ನಾನು ಅಲ್ಲಿರಲಿಲ್ಲ. ನನಗೇನೂ ಗೊತ್ತಿಲ್ಲ." ಬನ್ನಕ್ಕನ ವಕೀಲಮ್ಮ ಮೆತ್ತಗೆ ನಕ್ಕಳು.

"ಹೋಗಲಿ ಬಿಡಿ. ಒಲೆ ಬಹಳ ಚೆನ್ನಾಗಿದೆಯಂತೆ. ಪೂರ್ತಿ ಮೇಸ್ತ್ರಿಯ ಬುದ್ಧಿ, ಅಲ್ವಾ?"

ಹಿಂದಿನ ಬೆಂಚಲ್ಲಿ ಮೇಸ್ತ್ರಿ ಮೀಸೆ ತಿರುವಿದ.

"ಅಳತೆಯೂ ಅವರದ್ದೇ. ಕೈ ಪಳಗಿದೆ ಪಾಪ. ಬೇರೆ ಯಾರಾದರೂ ಕೈ ಹಾಕಿದ್ದರೆ ಕೆಡಿಸಿಬಿಡ್ತಿದ್ದರು."

ಮಾವನ ಕಿವಿ ಕೆಂಪಾಯ್ತು. ಸುಮ್ಮನಿದ್ದರೆ ಹಿತ್ತಲು ಸಿಗುತ್ತೆ. ಆದರೆ ಸುಮ್ಮನಿದ್ದರೆ ಒಲೆಯ ಹೆಸರು ಆ ಮೀಸೆಯವನಿಗೆ!

"ಅವನಿಗಾ ಬುದ್ಧಿ?" ಅಂತ ಸಿಡಿದೇ ಬಿಟ್ಟ. "ಮಟ್ಟಗೋಲು ಹಿಡಿಯೋಕೆ ಬರದ ಗಮಾರ ಅವನು! ಇದೇ ಟೇಪು ಹಿಡಿದು ಅಳೆದವನು ನಾನು. ಗೆರೆ ಎಳೆದವನು ನಾನು. ಕುರ್ಚಿ ಹಾಕ್ಕೊಂಡು ಬಿಸಿಲಲ್ಲಿ ಕೂತು ಒಂದೊಂದು ಇಟ್ಟಿಗೆಗೂ ದಾರಿ ತೋರಿಸಿದವನು ನಾನು!"

ಜಡ್ಜು ಕನ್ನಡಕ ಸರಿಮಾಡಿಕೊಂಡರು. "ಇಲ್ಲೀವರೆಗೂ ಕಟ್ಟು ಅಂತ ಹೇಳಿದ್ದೂ ನೀವೇನಾ?"

"ಮತ್ತಿನ್ಯಾರು ಸ್ವಾಮಿ? ಅವಳಿಗೇನು ಗೊತ್ತು!"

ಮಾವನ ವಕೀಲರು ತಲೆ ಮೇಲೆ ಕೈ ಹೊತ್ತರು. ಅಳಿಯ ಎದ್ದು ಆಚೆಗೆ ಹೋದ.

ತೀರ್ಪಿನ ದಿನ ಜಡ್ಜು ಹೇಳಿದ್ದು ಇಷ್ಟು. "ಆ ಮೊಳ ಜಾಗ ನಿಮ್ಮದೇ ಇರಬಹುದು. ಆದರೆ ಗೆರೆ ತೋರಿಸಿದವರು ನೀವು. ಅದನ್ನ ನಂಬಿ ಆಯಮ್ಮ ತನ್ನ ಬದುಕನ್ನೇ ಅಲ್ಲಿ ಹೂಡಿದ್ದಾರೆ. ಈಗ ಒಡೆಸಿ ಅಂತ ಕೇಳೋ ಬಾಯಿ ನಿಮಗಿಲ್ಲ. ಒಲೆ ನಿಂತಲ್ಲೇ ನಿಲ್ಲುತ್ತೆ."

ಸೋತವನು ತಲೆತಗ್ಗಿಸಿ ಮನೆ ಸೇರಿದ ಅಂದ್ಕೊಂಡ್ರಾ? ಮಾರನೇ ಬೆಳಗ್ಗೆ ಬನ್ನು ಕೊಳ್ಳೋರ ಸಾಲಲ್ಲಿ ನಿಂತು, "ಈ ಒಲೆ ನನ್ನ ಅಳತೆ ಅಂತ ಕೋರ್ಟೇ ಒಪ್ಪಿದೆ" ಅಂತ ಸಾರ್ತಿದ್ದ. ಬನ್ನಕ್ಕ ಬಿಸಿ ಬನ್ನಿನ ಜೊತೆ ಒಂದು ಹೊಸ ಟೇಪನ್ನೂ ಅವನ ಕೈಗಿಟ್ಟಳು.

"ತಗೊಳ್ಳಿ ಮಾವ. ಆ ಹಳೇದನ್ನ ಇತ್ತ ಕೊಡಿ, ಒಲೆಗೆ ಹಾಕ್ತೀನಿ."

ಮಾವ ಬನ್ನು ತಗೊಂಡ. ಟೇಪನ್ನ ವಾಪಸ್ಸು ಕೊಟ್ಟ.

"ನನ್ನ ಟೇಪು ಸರಿಯಾಗೇ ಇದೆ ತಾಯಿ. ನಿನ್ನ ಹಿತ್ತಲೇ ಓರೆ."